ತುಕ್ಕು ತೊಳೆದ ಬಾವಿ

“ಗುರುಗಳೇ, ಅಣ್ಣನ ಮೇಲಿನ ಸಿಟ್ಟು ಎಷ್ಟೋ ವರ್ಷಗಳಿಂದ ನನ್ನ ಮನಸ್ಸಿಗೆ ಅಂಟಿಕೊಂಡಿದೆ. ನಾಳೆ ಅವನ ಮನೆಗೆ ಹೋಗಿ ಎಲ್ಲವನ್ನೂ ಕಾರಿಬಿಡುತ್ತೇನೆ. ಆಗಲಾದರೂ ಶುದ್ಧನಾಗುತ್ತೇನಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಗುಡ್ಡದ ಮೇಲೆ ಪಾಳುಬಿದ್ದ ಗಣಿ. ಗುಡ್ಡದ ಬುಡದಲ್ಲಿ ಒಂದು ಮನೆ, ಮನೆಯ ಹಿಂದೆ ಮೆಟ್ಟಿಲು ಬಾವಿ. ಆ ಮನೆಯ ಸೊಸೆಗೆ ಶುಚಿಯ ಹುಚ್ಚು. ಅವಳು ಬೆಳಗಿದ ತಂಬಿಗೆಯಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಿತ್ತು. ಅಂಥವಳಿಗೆ ಬಾವಿಯ ಕಲ್ಲುಗಳನ್ನು ಕಂಡರೆ ಆಗುತ್ತಿರಲಿಲ್ಲ. ಒಸರುವ ನೀರಿನ ಕಬ್ಬಿಣದಿಂದ ಒಂದೊಂದು ಕಲ್ಲಿನ ಮೇಲೂ ಒಣಗಿದ ರಕ್ತದಂತೆ ತುಕ್ಕಿನ ಪದರ. ಮಗಳೆಂದರೆ ಅವಳಿಗೆ ಪ್ರಾಣ. ಇಂಥ ನೀರನ್ನು ಮಗುವಿಗೆ ಕುಡಿಸುವುದು ಹೇಗೆ? “ಬಾವಿಯ ಕಲ್ಲಿಗೆ ಕೈ ಹಚ್ಚಬೇಡ” ಎಂದು ಅತ್ತೆ ಹೇಳಿದ್ದುಂಟು. ಅದು ಅತ್ತೆಯ ಸೋಮಾರಿತನ ಎಂದುಕೊಂಡಿದ್ದಳು.

ಬೇಸಿಗೆಯಲ್ಲಿ ಬಾವಿಯ ನೀರು ಇಳಿಯಿತು. ಅತ್ತೆ ತನ್ನ ಮಗಳ ಮನೆಗೆ ಹೋಗಿದ್ದಳು. ಸೊಸೆ, ತಾಮ್ರದ ಹಂಡೆ ಬೆಳಗುವಂತೆಯೇ, ಕಲ್ಲುಗಳಿಗೆ ಹುಣಸೆಹುಳಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿದಳು. ತುಕ್ಕು ಕರಗಿ ಕೆಂಪಗೆ ನೀರಿಗಿಳಿಯಿತು. ಮರುದಿನ ಕೆಸರು ತಳ ಸೇರಿ, ನೀರೇ ಇಲ್ಲವೇನೋ ಎನ್ನುವಷ್ಟು ಬಾವಿ ತಿಳಿಯಾಯಿತು. ಅವಳು ಹಿರಿಹಿರಿ ಹಿಗ್ಗಿದಳು.

ಮಟಮಟ ಮಧ್ಯಾಹ್ನ ಬಾವಿಯ ಕಪ್ಪೆಗಳು ಒಂದರ ಹಿಂದೊಂದು ಮೆಟ್ಟಿಲೇರಿ ಬಂದವು. ಒಂದೂ ವಟಗುಟ್ಟಲಿಲ್ಲ. ನೀರಿಗೆ ಬೆನ್ನು ಹಾಕಿ, ಸುಡುವ ಅಂಗಳವನ್ನು ದಾಟಿ ಹೊರಟುಹೋದವು. ಅವಳು ಗಾಬರಿಯಿಂದ ಬಾವಿಗಿಳಿದಳು. ಬೊಗಸೆಯಲ್ಲಿ ನೀರೆತ್ತಿ ಮೂಸಿದಳು. ವಾಸನೆಯಿಲ್ಲ. ಕುಡಿದು ನೋಡಿದಳು. ಎಂದಿನ ಸಿಹಿನೀರೇ. ಸುಮ್ಮನೆ ಹೆದರಿದೆನೆಂದು ತನ್ನನ್ನೇ ಬೈದುಕೊಂಡು ಕೊಡ ತುಂಬಿದಳು.

ಊರಿಂದ ಮರಳಿದ ಅತ್ತೆ ಬಾವಿಗೆ ಇಣುಕಿದವಳೇ ಸೊಸೆಯನ್ನು ಕೂಗಿದಳು.

“ಕಲ್ಲಿನ ತುಕ್ಕು ಎಲ್ಲೇ?”

“ತೊಳೆದುಬಿಟ್ಟೆ ಅತ್ತೆ. ಎಷ್ಟು ಗಲೀಜಾಗಿತ್ತು!”

“ಅಯ್ಯೋ ಹುಚ್ಚಿ, ಗಣಿಯಿಂದ ಯುರೇನಿಯಂ ವಿಷ ಮಣ್ಣೊಳಗೇ ಇಳಿದು ಬರುತ್ತೆ. ಅದನ್ನ ನೀರಿಗೆ ಬಿಡದೆ ಹಿಡಿದಿಟ್ಟುಕೊಂಡಿದ್ದು ಆ ತುಕ್ಕು ಕಣೇ. ನಿನ್ನ ಗಂಡ ಹುಟ್ಟೋಕೆ ಮುಂಚಿನಿಂದ ಹಿಡಿದಿದ್ದನ್ನೆಲ್ಲ ಬಿಡಿಸಿ ನೀರಿಗೆ ಹಾಕಿದೆಯಲ್ಲೇ!”

ಸೊಸೆ ಅಡುಗೆಮನೆಗೆ ಓಡಿದಳು. ಮಗಳು ಕೊಡದ ಪಕ್ಕದಲ್ಲಿ ಖಾಲಿ ಲೋಟ ಹಿಡಿದು ನಿಂತಿದ್ದಳು. ತುಟಿ ಇನ್ನೂ ಒದ್ದೆಯಾಗಿತ್ತು. ತಾಯಿಯನ್ನು ಕಂಡು ನಕ್ಕು, “ಅಮ್ಮಾ, ಇನ್ನೊಂದು ಲೋಟ” ಎಂದಳು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಆಮೇಲೆ ಆ ಮಗು ಏನಾಯಿತು, ಗುರುಗಳೇ?”

“ನಿನ್ನ ಅಣ್ಣನಿಗೆ ಮಕ್ಕಳಿದ್ದಾರೆಯೇ?” ಎಂದರು ಗುರುಗಳು.