ಟಿಟ್ಟಿಭದ ಮೊಟ್ಟೆಗೆ ನೆಲದ ಬಣ್ಣ ಬಂದದ್ದು

ನಮ್ಮದು ನಾಲ್ಕು ತಲೆಮಾರಿನಿಂದ ಮಕ್ಕಳಿಗೆ ಚಿತ್ರ ಬರೆಯಲು ಕಲಿಸುತ್ತಾ ಬಂದ ಮನೆತನ. ಸೊಟ್ಟ ಗೆರೆಯನ್ನು ನೆಟ್ಟಗಿದೆ ಎಂದು ಹೊಗಳಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ಆದ್ದರಿಂದ ಮಕ್ಕಳೇ, ಬೆನ್ನು ನೇರ ಮಾಡಿ ಕುಳಿತು ಈ ಕಥೆ ಕೇಳಿ.

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಪ್ರಾಣಿ ಪಕ್ಷಿಗಳೆಲ್ಲ ಬರೀ ಬಿಳಿ. ಅವುಗಳನ್ನು ಸಿಂಗರಿಸಲು ಹೊಳೆಯ ದಡದಲ್ಲಿ ಮೂವರು ಅಕ್ಕತಂಗಿಯರು ಕುಳಿತಿದ್ದರು: ಗೆರೆಯಕ್ಕ, ಬಣ್ಣಕ್ಕ, ಎಲ್ಲರಿಗಿಂತ ಚಿಕ್ಕವಳು ಚುಕ್ಕಿ.

ಹುಲಿ ಪಟ್ಟೆ ಬರೆಸಿಕೊಂಡಿತು. ಜಿಂಕೆ ಚುಕ್ಕೆ ಇಡಿಸಿಕೊಂಡಿತು. ನವಿಲಂತೂ ಮೂವರನ್ನೂ ಇಡೀ ದಿನ ದುಡಿಸಿತು.

ಕೊನೆಗೆ ಟಿಟ್ಟಿಭಮ್ಮ ತನ್ನ ಮೊಟ್ಟೆಗಳನ್ನು ಹೊತ್ತು ಬಂದಳು. ಅವಳು ಮರದ ಮೇಲೆ ಗೂಡು ಕಟ್ಟುವ ಹಕ್ಕಿಯಲ್ಲ. ಬಯಲಿನ ಕಲ್ಲುಗಳ ನಡುವೆಯೇ ಮೊಟ್ಟೆ ಇಡುವವಳು. "ನನ್ನ ನಾಲ್ಕು ಮೊಟ್ಟೆಗೂ ಏನಾದರೂ ಬರೆದುಕೊಡಿ, ಅಕ್ಕಂದಿರೇ," ಎಂದಳು.

ಬಣ್ಣಕ್ಕ ಉಬ್ಬಿಹೋದಳು. ಕುಂಕುಮದ ಕೆಂಪು ಬಳಿದಳು, ಸುತ್ತ ಹಳದಿ ಅಂಚು ಕೊಟ್ಟಳು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ.

ಬಯಲಿಗೆ ಮರಳಿದ ಮೊಟ್ಟೆಗಳು ಕಲ್ಲುಗಳ ನಡುವೆ ಕೆಂಡದಂತೆ ಹೊಳೆದವು. ನವಿಲು ಊರಿಗೆಲ್ಲ ಕೇಳುವಂತೆ ಕೂಗಿತು: "ಬನ್ರೋ, ಬನ್ನಿ! ಎಂಥಾ ಮೊಟ್ಟೆ!" ಮೊಲ ಬಂತು. ಅಳಿಲು ಬಂತು. ಮೇಲಿನಿಂದ ಹದ್ದೂ ಬಂತು.

ಟಿಟ್ಟಿಭಮ್ಮ ರೆಕ್ಕೆ ಬಡಿದು, ಕಿರುಚಿ, ಹದ್ದನ್ನು ಹೇಗೋ ಓಡಿಸಿದಳು.

"ಇರಲಿ ಬಿಡು," ಎಂದಿತು ಹದ್ದು. "ನಾಳೆ ಬರ್ತೀನಿ. ಮೋಡದ ಹತ್ತಿರದಿಂದಲೂ ಕಾಣುತ್ತೆ ನಿನ್ನ ಮೊಟ್ಟೆ."

ಟಿಟ್ಟಿಭಮ್ಮ ಹೊಳೆಯ ದಡಕ್ಕೆ ಓಡಿದಳು. "ಅಳಿಸಿ! ಈಗಲೇ ಅಳಿಸಿ!"

ಬಣ್ಣಕ್ಕ ಮುಖ ಊದಿಸಿಕೊಂಡಳು. "ಅಷ್ಟು ಚೆಂದ ಮಾಡಿದ್ದನ್ನು ಅಳಿಸಬೇಕಾ?"

"ಚೆಂದ ಕಟ್ಟಿಕೊಂಡು ನಾನೇನು ಮಾಡಲಿ ಅಕ್ಕಾ? ನನಗೆ ಮರಿಗಳು ಬೇಕು."

ಗೆರೆಯಕ್ಕ ಎಲ್ಲರನ್ನೂ ಕರೆದುಕೊಂಡು ಬಯಲಿಗೆ ನಡೆದಳು. ನೆಲವನ್ನು ಬಹಳ ಹೊತ್ತು ನೋಡಿದಳು. "ತಪ್ಪು ನಮ್ಮದೇ," ಎಂದಳು. "ಮೊಟ್ಟೆಯನ್ನು ನೋಡಿದೆವು, ಅದು ಕೂರುವ ಜಾಗ ನೋಡಲಿಲ್ಲ. ಚಿತ್ರ ಅಂದರೆ ಎರಡೂ ಸೇರಿ."

ಬಣ್ಣಕ್ಕ ಕೆಂಪು ಉಜ್ಜಿ ತೆಗೆದು, ಅಲ್ಲಿನ ಮಣ್ಣನ್ನೇ ಕಲಸಿ ಬಳಿದಳು.

"ಚುಕ್ಕೆ ಸಾಲಾಗಿ ಇಡಲಾ ಅಕ್ಕಾ?" ಎಂದಳು ಚುಕ್ಕಿ.

"ಕಲ್ಲುಗಳು ಸಾಲಾಗಿ ಬಿದ್ದಿವೆಯೇನೇ? ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬಿಡಿಯಾಗಿ ಇಡು," ಎಂದಳು ಗೆರೆಯಕ್ಕ. ಚುಕ್ಕಿ ಹಾಗೆಯೇ ಇಟ್ಟಳು.

ಗೆರೆಯಕ್ಕ ಮಾತ್ರ ಒಂದು ಗೆರೆಯನ್ನೂ ಎಳೆಯಲಿಲ್ಲ. ಎಲ್ಲಿ ಎಳೆಯಬಾರದು ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಹದ್ದು ಮೂರು ಸುತ್ತು ಹಾಕಿತು. ಕಲ್ಲು, ಕಲ್ಲು, ಬರೀ ಕಲ್ಲು. ಸಾಕಾಗಿ ಹೊರಟುಹೋಯಿತು. ಕೆಲವೇ ದಿನಗಳಲ್ಲಿ ನಾಲ್ಕು ಮರಿಗಳೂ ಹೊರಬಂದು ತಾಯಿಯ ಹಿಂದೆ ಪುಟಪುಟ ಓಡಿದವು.

ಒಡೆದ ಚಿಪ್ಪುಗಳನ್ನು ನೋಡಿದ ನವಿಲು, "ಥೂ, ಮಸಿ ಚೆಲ್ಲಿದ ಹಾಗಿದೆ!" ಎಂದು ನಕ್ಕಿತು. ಹದ್ದನ್ನು ಕೂಗಿ ಕರೆದಂತಾದದ್ದು ತನ್ನಿಂದಲೇ ಎಂಬುದನ್ನು ಅದು ಮರೆತೇಬಿಟ್ಟಿತ್ತು.

ಅದಕ್ಕೇ ಮಕ್ಕಳೇ, ಟಿಟ್ಟಿಭದ ಮೊಟ್ಟೆ ಇಂದಿಗೂ ನಿಮ್ಮ ಕಾಲಬುಡದಲ್ಲೇ ಇದ್ದರೂ ಕಲ್ಲಿನಂತೆ ಕಾಣುತ್ತದೆ, ತಾಯಿಹಕ್ಕಿ ಮಾತ್ರ ನಿಮ್ಮ ನೆತ್ತಿಯ ಮೇಲೆ ಕೂಗುತ್ತಾ ಸುತ್ತುತ್ತದೆ.

ನವಿಲು ಇದುವರೆಗೂ ಟಿಟ್ಟಿಭಮ್ಮನಲ್ಲಿ ಕ್ಷಮೆ ಕೇಳಿಲ್ಲ. ಕೇಳಬೇಕು.