ಮುದ್ದೆಯ ಮೇಲಿನ ಅಪವಾದ

ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಡಾಕ್ಟರ್ ವೀರಭದ್ರಯ್ಯನವರದು ಒಂದೇ ಪಾಠ: ಪುರಾವೆ ಇಲ್ಲದೆ ತೀರ್ಮಾನ ಮಾಡಬೇಡಿ, ಹೋಲಿಸಿ ನೋಡಿ. ಮಧ್ಯಾಹ್ನ ಮುದ್ದೆ ಊಟವಾದ ಮೇಲೆ ಇಡೀ ಸಭಾಂಗಣವೇ ತೂಕಡಿಸತೊಡಗಿತು. ಡಾಕ್ಟರು ಮೇಜು ಕುಟ್ಟಿದರು.

"ಎಲ್ಲಾ ಈ ಮುದ್ದೆಯ ಕೆಲಸ. ನಾಳೆಯಿಂದ ಮಧ್ಯಾಹ್ನಕ್ಕೆ ಬರೀ ಬಿಸ್ಕತ್ತು."

ಹಿಂದಿನ ಸಾಲಿನಲ್ಲಿದ್ದ ಕಾರ್ಯಕರ್ತೆ ಕೆಂಪಾಜಮ್ಮನ ನಿದ್ದೆ ಹಾರಿಹೋಯಿತು. ಬಿಸ್ಕತ್ತು ತಿಂದು ಸಂಜೆವರೆಗೆ ಕೂರುವುದುಂಟೇ? ಮೆಲ್ಲಗೆ ಎದ್ದು ಕಿಟಕಿಯಾಚೆ ಕೈ ತೋರಿಸಿದಳು. ಹೊಂಗೆ ಮರದಡಿ ಜೀಪಿನ ಡ್ರೈವರುಗಳು ಚೌಕಾಬಾರ ಆಡುತ್ತಾ ಕೇಕೆ ಹಾಕುತ್ತಿದ್ದರು.

"ಅವರೂ ಇದೇ ಮುದ್ದೆ ಉಂಡವ್ರೆ ಸಾ, ನಮ್ಗಿಂತ ಒಂದು ಜಾಸ್ತೀನೇ. ನಿಮ್ ಪಾಠ ಒಂದ್ ಕೇಳಿಲ್ಲ, ಅಷ್ಟೇ."

ಡಾಕ್ಟರು ಕಿಟಕಿಯತ್ತ ಒಮ್ಮೆ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮುದ್ದೆ ಇರಲಿ ತಾಯಿ. ತೂಕಡಿಸಿಕೊಂಡೇ ಇಷ್ಟು ಕಲ್ತಿದ್ದೀಯ. ಎಚ್ಚರ ಇದ್ದಿದ್ರೆ ನನ್ನ ಕೆಲಸಕ್ಕೇ ಸಂಚಕಾರ ಬರ್ತಿತ್ತು."