ತಪ್ಪುಗಲ್ಲಿನ ಬೋರೆ

ಹುಣಿಸೆಗೊಂದಿಯಲ್ಲಿ ಬಸ್ಸಿಳಿದು ಟೀ ಅಂಗಡಿಯ ಹಿಂದಿನ ಕಾಲುದಾರಿ ಹಿಡಿದರೆ ಸಿಗುವ ಬೋಳು ದಿಣ್ಣೆಗೆ ತಪ್ಪುಗಲ್ಲಿನ ಬೋರೆ ಎಂದು ಹೆಸರು. ಏರಲು ಐದು ನಿಮಿಷ ಸಾಕು. ಗುಡಿಯಿಲ್ಲ, ಗೋಪುರವಿಲ್ಲ, ನಾಲ್ಕು ಜಾಲಿಗಿಡ ಬಿಟ್ಟರೆ ನೆರಳೂ ಇಲ್ಲ. ನೆತ್ತಿಯ ಮೇಲೆ ಹನ್ನೆರಡು ಮೊಳ ಉದ್ದದ ಒಂದು ಕಲ್ಲು ಮಲಗಿದೆ. ಅದರ ಒಂದು ಅಂಚು ಅರ್ಧದವರೆಗೆ ದಾರ ಹಿಡಿದು ಕತ್ತರಿಸಿದಷ್ಟು ನೇರ. ಅಲ್ಲಿಂದಾಚೆಗೆ ಕುಡಿದವನ ನಡಿಗೆಯಂತೆ ಸೊಟ್ಟಗೆ ಓಡಿ ಮೂಲೆಯನ್ನೇ ಕಿತ್ತುಕೊಂಡು ಹೋಗಿದೆ. ಅದರ ಪಕ್ಕದಲ್ಲಿ ಮೂಗು ಹಾರಿದ ಬಸವ, ಬಾಯಿ ಸೀಳಿದ ಒರಳು, ನಡು ಮುರಿದ ಕಂಬ ಹೀಗೆ ಕೆಟ್ಟುಹೋದ ಕಲ್ಲುಕೆಲಸಗಳದೇ ಒಂದು ಸಾಲು. ಹೊರಗಿನವರು ಇದನ್ನೆಲ್ಲ ನೋಡಿ ಯಾವುದೋ ದಂಡು ಬಂದು ಹಾಳು ಮಾಡಿದ್ದಿರಬೇಕೆಂದು ಮರುಗುತ್ತಾರೆ. ಊರವರಿಗೆ ಒಳಗೊಳಗೇ ನಗು. ಯಾವ ದಂಡೂ ಬಂದಿಲ್ಲ. ಇವನ್ನೆಲ್ಲ ಕೆಡಿಸಿದವರು ಈ ಊರಿನವರೇ, ಕೆಡಿಸಿದ್ದನ್ನು ಜೋಪಾನವಾಗಿ ಇಟ್ಟವರೂ ಅವರೇ.

ಹಿಂದೆ ಒಮ್ಮೆ ಇಲ್ಲಿ ಅರವತ್ತು ಮನೆಯ ಕಲ್ಲುಕುಟಿಗರಿದ್ದರು ಎನ್ನುತ್ತಾರೆ. ಬೆಳಗಾದರೆ ಉಳಿಯ ಸದ್ದು, ಸಂಜೆಯಾದರೆ ಕಲ್ಲಿನ ಧೂಳು ತೊಳೆದುಕೊಂಡವರ ಹರಟೆ. ಈಗ ಆ ಸದ್ದು ಕೇಳಿದ ಕಿವಿಗಳೂ ಉಳಿದಿಲ್ಲವಲ್ಲ ಎಂದು ನೆನೆದರೆ ಮನಸ್ಸು ಮುದುಡುತ್ತದೆ. ಅವರ ಯಜಮಾನ ಮುದ್ದಯ್ಯ. ಕಲ್ಲನ್ನು ಬೆರಳಿನಿಂದ ತಟ್ಟಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದ ಮನುಷ್ಯ. ಅವನ ಮಗನ ಹೆಂಡತಿ ಸಣ್ಣೀರಮ್ಮ. ಬಂಡೆ ಸೀಳುವ ದಿನ ಅವಳಿಗೆ ಬಿಡುವಿರುತ್ತಿರಲಿಲ್ಲ. ಬಂಡೆಯ ಮೇಲೆ ಗೆರೆ ಎಳೆದು, ಗೆರೆಯುದ್ದಕ್ಕೂ ಕುಳಿ ತೋಡಿ, ಕುಳಿಗೊಂದು ಒಣಮರದ ಬೆಣೆ ಬಡಿದು ನೀರು ಹಾಕುತ್ತಿದ್ದರು. ನೀರು ಕುಡಿದ ಮರ ಉಬ್ಬಿ ಬಂಡೆಯನ್ನು ಸೀಳುತ್ತಿತ್ತು. ಆ ನೀರನ್ನು ಯಜಮಾನನ ಮನೆಯ ಹೆಣ್ಣೊಬ್ಬಳೇ, ಒಂದೇ ಕೊಡದಿಂದ ಹಾಕಬೇಕು. ಬೇರೆ ಕೈ ಸೋಕಬಾರದು. ಇನ್ನೊಂದು ಕಟ್ಟಳೆಯೂ ಇತ್ತು. ಕಲ್ಲು ಕೆಟ್ಟರೆ ಹೊತ್ತು ಮುಳುಗುವುದರೊಳಗೆ ಅದನ್ನು ಪುಡಿಗಟ್ಟಬೇಕು. ಕೆಟ್ಟ ಕಲ್ಲು ನಾಲ್ಕು ಜನರ ಕಣ್ಣಿಗೆ ಬಿದ್ದರೆ ಸುತ್ತಿಗೆ ಹಿಡಿದ ಕೈಗೆ ಅವಮಾನ.

ಬೋರೆಯ ಕೆಳಗೆ ಹರಿಯುವ ಹಳ್ಳ ಮಳೆಗಾಲದಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಆಚೆ ದಡದ ಆಚೆಪಾಳ್ಯಕ್ಕೆ ಮುದ್ದಯ್ಯ ಮಗಳು ಗಿರಿಯಮ್ಮನನ್ನು ಕೊಟ್ಟಿದ್ದ. ಎರಡು ಬಂಡೆಗಳ ನಡುವೆ ಹಳ್ಳ ಕಿರಿದಾಗುವ ಕಡೆ ಹನ್ನೆರಡು ಮೊಳದ ಒಂದೇ ಕಲ್ಲು ಹಾಸಿದರೆ ಎರಡೂರಿಗೂ ದಾರಿಯಾಗುತ್ತದೆಂದು ಅವನೇ ಹೊರಟ. ಅಷ್ಟುದ್ದದ ಕಲ್ಲನ್ನು ಅಲ್ಲಿಯವರೆಗೆ ಯಾರೂ ಸೀಳಿರಲಿಲ್ಲ. ಮೊದಲ ಬೇಸಿಗೆಯ ಕಲ್ಲು ಸೊಟ್ಟಗೆ ಸೀಳಿತು. ಸಂಜೆಯೊಳಗೆ ಅದನ್ನು ಪುಡಿಗಟ್ಟಿದರು. ಆ ವರ್ಷ ಬಸುರಿ ಗಿರಿಯಮ್ಮನನ್ನು ತವರಿಗೆ ಕರೆತರುವ ಮೊದಲೇ ಹಳ್ಳ ಬಂತು. ಬೇನೆ ತಿನ್ನುತ್ತಿದ್ದಾಳೆಂದು ಆಚೆಯಿಂದ ಕೂಗು ಕೇಳಿದರೂ ಸೂಲಗಿತ್ತಿ ಈಚೆ ದಡದಲ್ಲೇ ನಿಂತುಬಿಟ್ಟಳು. ಕೂಸು ಉಳಿಯಲಿಲ್ಲ. ಎರಡನೆಯ ಬೇಸಿಗೆಯ ಕಲ್ಲೂ ಸೊಟ್ಟಗೆ ಸೀಳಿ ಪುಡಿಯಾಯಿತು. ಮೂರನೆಯ ಬೇಸಿಗೆಗೆ ಗಿರಿಯಮ್ಮ ಮತ್ತೆ ಆರು ತಿಂಗಳ ಬಸುರಿ. ದಿನ ತುಂಬುವುದು ನಡುಮಳೆಗಾಲದಲ್ಲಿ. ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಗಬೇಕೆಂದು ಅತ್ತೆಯ ಹಟ.

ಊರಿನ ಬುದ್ಧಿವಂತರಿಗೆ ಬರವಿರಲಿಲ್ಲ. ಬೋರೆಗೆ ಕುರಿ ಕೊಡಿ ಎಂದರು ಕೆಲವರು. ಬಂಡೆಯೇ ಸರಿಯಿಲ್ಲ, ಬೇರೆ ಗುಡ್ಡ ನೋಡಿ ಎಂದರು ಕೆಲವರು. ಯಜಮಾನನಿಗೆ ಕಣ್ಣು ಮಂಜಾಗಿದೆ ಎಂದು ಬೆನ್ನ ಹಿಂದೆ ಆಡಿಕೊಂಡವರೂ ಇದ್ದರು. ಕುರಿ ಕೊಟ್ಟರು, ಉಂಡರು, ಹೊಸ ಉಳಿ ತಂದರು. ಮೂರನೆಯ ಕಲ್ಲೂ ಸೊಟ್ಟಗೇ ಸೀಳಿತು.

ಮುದ್ದಯ್ಯ ಎಲ್ಲರನ್ನೂ ಮನೆಗೆ ಕಳಿಸಿ ಕಲ್ಲಿನ ಪಕ್ಕದಲ್ಲಿ ಕುಕ್ಕರಿಸಿದ. ಎಂದೂ ಎದೆಗುಂದದ ಆಳು, ಅಂದು ಸುತ್ತಿಗೆ ಎತ್ತಲಾರದೆ ಮಂಡಿಯ ಮೇಲೆ ತಲೆಯಿಟ್ಟ. ಸಣ್ಣೀರಮ್ಮ ಚೂರುಗಳನ್ನು ಹೊರಲು ಬುಟ್ಟಿ ಹಿಡಿದು ಕಾದು ನಿಂತಿದ್ದಳು. ಸೊಟ್ಟಗೆ ಸೀಳಿದ ಕಲ್ಲನ್ನು ಪುಡಿಯಾಗುವ ಮೊದಲು ಇಡಿಯಾಗಿ ನೋಡಿದ್ದು ಅವಳಿಗೆ ಅದೇ ಮೊದಲು. ಸುಮ್ಮನೆ ನಿಲ್ಲಲಾರದೆ ಅಂಚಿನ ಕುಳಿಗಳನ್ನು ಎಣಿಸುತ್ತಾ ಹೋದಳು. ಹದಿನೆಂಟು ಕುಳಿ. ಒಂಬತ್ತನೆಯದರವರೆಗೆ ಸೀಳು ನೇರ, ಅಲ್ಲಿಂದಾಚೆಗೆ ಸೊಟ್ಟ. ಬೆರಳು ಆ ಒಂಬತ್ತನೆಯ ಕುಳಿಯಲ್ಲೇ ನಿಂತಿತು. ಅವಳ ಕೊಡ ಬರಿದಾಗುತ್ತಿದ್ದುದು ಅಲ್ಲೇ! ಪ್ರತಿ ಸಲವೂ ಅಲ್ಲಿಯವರೆಗೆ ನೀರು ಹಾಕಿ, ಹಳ್ಳದ ಗುಂಡಿಗೆ ಇಳಿದು, ತುಂಬಿಕೊಂಡು ಏರಿ ಬರುತ್ತಿದ್ದಳು. ಅವಳು ಬರುವಷ್ಟರಲ್ಲಿ ಮೊದಲ ಒಂಬತ್ತು ಬೆಣೆ ನೀರು ಕುಡಿದು ಉಬ್ಬಿರುತ್ತಿದ್ದವು, ಉಳಿದ ಒಂಬತ್ತು ಬಿಸಿಲಿಗೆ ಒಣಗಿಕೊಂಡೇ ಇರುತ್ತಿದ್ದವು. ಹಿಂದಿನ ಕಲ್ಲುಗಳೆಲ್ಲ ಗಿಡ್ಡ, ಒಂದು ಕೊಡಕ್ಕೆ ಮುಗಿಯುತ್ತಿದ್ದವು. ಹಾಗಾಗಿ ಯಾರಿಗೂ ಇದು ಹೊಳೆದಿರಲಿಲ್ಲ.

ಸಣ್ಣೀರಮ್ಮ ಬುಟ್ಟಿ ಕೆಳಗಿಟ್ಟಳು. ಮೊದಲ ಕಲ್ಲು ಕೆಟ್ಟದ್ದು ತನ್ನ ಕೊಡದಿಂದ. ಆ ಕಲ್ಲು ನೆಟ್ಟಗೆ ಬಂದಿದ್ದರೆ ಸೂಲಗಿತ್ತಿ ಹಳ್ಳ ದಾಟುತ್ತಿದ್ದಳು, ನಾದಿನಿಯ ಕೂಸು ಇಷ್ಟು ಹೊತ್ತಿಗೆ ಅಂಗಳದಲ್ಲಿ ಓಡಾಡುತ್ತಿತ್ತು. ಇದನ್ನು ಯಾವ ಬಾಯಿಯಿಂದ ಹೇಳುವುದು? ಹೇಳದಿದ್ದರೂ ಆಗುತ್ತಿತ್ತು. ಮುದ್ದಯ್ಯ ಅಷ್ಟರಲ್ಲಿ ಎದ್ದು ಸುತ್ತಿಗೆ ಎತ್ತಿದ್ದ. ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಒಂಬತ್ತನೆಯ ಕುಳಿಯೂ ಪುಡಿಯಾಗಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಮಾವಾ, ಒಡೀಬ್ಯಾಡಿ!" ಎಂದು ಅವಳು ಕಲ್ಲಿನ ಮೇಲೆ ಅಡ್ಡ ಕೂತಳು.

"ಏಳವ್ವ, ಹೊತ್ತಾಯ್ತು. ಜನ ನೋಡ್ತಾರೆ."

"ನೋಡ್ಲಿ ಮಾವ. ಕಲ್ಲೂ ಕೆಟ್ಟಿಲ್ಲ, ನಿಮ್ಮ ಕೈಯೂ ಕೆಟ್ಟಿಲ್ಲ. ಕೆಡಿಸ್ದೋಳು ನಾನು," ಎಂದು ಅಳುತ್ತಲೇ ಒಂದೊಂದು ಕುಳಿಯನ್ನೂ ಮುಟ್ಟಿ ತೋರಿಸಿದಳು.

ಮುದ್ದಯ್ಯ ಸುತ್ತಿಗೆ ಕೆಳಗಿಟ್ಟು ಒಂಬತ್ತನೆಯ ಕುಳಿಯಲ್ಲಿ ಬೆರಳಿಟ್ಟುಕೊಂಡು ಕೂತ. ಸೊಸೆ ಬೈಗುಳಕ್ಕೆ ತಲೆ ಬಗ್ಗಿಸಿ ಕಾದಳು. ಆಗ ಅವನು ಹೇಳಿದ್ದನ್ನು ಊರಿನ ಹಿರಿಯರು ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ: "ನೀನಲ್ಲ ಕಣವ್ವ. ಮೊದಲ್ನೇ ಕಲ್ಲು ಪುಡಿ ಮಾಡ್ದೋನು ನಾನು. ಅವತ್ತೇ ಇದ್ರ ಮುಂದೆ ಹಿಂಗೆ ಕೂತಿದ್ರೆ ನನ್ನ ಮೊಮ್ಮಗು ಇರ್ತಿತ್ತು."

ಮರುವಾರ ನಾಲ್ಕನೆಯ ಬಂಡೆಯ ಮುಂದೆ ಹದಿನೆಂಟು ಹೆಂಗಸರು ಹದಿನೆಂಟು ಕೊಡ ಹಿಡಿದು ನಿಂತರು. ಕಟ್ಟಳೆ ಮುರಿಯಿತೆಂದು ಗೊಣಗಿದವರ ಹೆಂಡತಿಯರೂ ಸಾಲಿನಲ್ಲಿದ್ದರು. ಮುದ್ದಯ್ಯ ಕೈಯೆತ್ತಿದ, ಎಲ್ಲರೂ ಒಟ್ಟಿಗೆ ಬಗ್ಗಿದರು. ಬಿಸಿಲು ಇಳಿಯುವ ಹೊತ್ತಿಗೆ ಬಂಡೆ ಒಮ್ಮೆ ನಿಟ್ಟುಸಿರಿಟ್ಟಂತೆ ಸದ್ದು ಮಾಡಿ ಗೆರೆ ಹಿಡಿದು ಸೀಳಿತು. ಹಳ್ಳ ಬರುವ ಮೊದಲೇ ಸೇತುವೆಯಾಯಿತು, ಆ ಮಳೆಗಾಲದಲ್ಲಿ ಸೂಲಗಿತ್ತಿ ಸೀರೆ ನೆನೆಯದೆ ಹಳ್ಳ ದಾಟಿದಳು.

ಮೂರು ತಿಂಗಳ ಹೆಣ್ಣುಕೂಸನ್ನು ಎದೆಗವಚಿಕೊಂಡು ಗಿರಿಯಮ್ಮ ಅದೇ ಸೇತುವೆಯ ಮೇಲೆ ತವರಿಗೆ ಬಂದಳು. ಮನೆಗೆ ಹೋಗದೆ ನೇರ ಬೋರೆ ಹತ್ತಿದಳು. ಮುಖ ತೋರಿಸಲಾರದೆ ಹಿಂದೆ ಉಳಿದ ಸಣ್ಣೀರಮ್ಮನನ್ನು ಕರೆದು, ಒಂಬತ್ತನೆಯ ಕುಳಿ ಯಾವುದೆಂದು ಕೇಳಿದಳು. ಅದರಲ್ಲಿ ಬೆರಳಿಟ್ಟು, ಹೋದ ಕೂಸಿಗಾಗಿ ಮನಸಾರೆ ಅತ್ತಳು. ಆಮೇಲೆ ಮಡಿಲಿನ ಕೂಸನ್ನು ಎತ್ತಿ ಅವಳ ಕೈಗೆ ಕೊಟ್ಟು, "ನೀವು ಬಾಯಿ ಬಿಡದೇ ಇದ್ದಿದ್ರೆ ಇವಳೂ ಇರ್ತಿರ್ಲಿಲ್ಲ ಅತ್ತಿಗೆ. ಹೆಸರು ನಿಮ್ದೇ ಇಟ್ಟಿದೀನಿ," ಎಂದಳಂತೆ.

ಅಂದಿನಿಂದ ಈ ಊರಿನಲ್ಲಿ ಕೆಟ್ಟ ಕಲ್ಲನ್ನು ಯಾರೂ ಪುಡಿಗಟ್ಟಲಿಲ್ಲ. ಕೆಡಿಸಿದವನೇ ಹೊತ್ತು ತಂದು ಬೋರೆಯ ಮೇಲಿಟ್ಟು, ಎಲ್ಲಿ ಎಡವಿದೆನೆಂದು ಹತ್ತು ಜನರ ಮುಂದೆ ಹೇಳಬೇಕಾಗಿತ್ತು. ಈಗ ಉಳಿ ಹಿಡಿಯುವವರಿಲ್ಲ, ಸೇತುವೆಯ ಮಗ್ಗುಲಲ್ಲೇ ಸಿಮೆಂಟಿನ ರಸ್ತೆಯಾಗಿದೆ. ಆದರೆ ಪರೀಕ್ಷೆಯಲ್ಲಿ ಲೆಕ್ಕ ತಪ್ಪಿದ ಶಾಲೆಯ ಮಕ್ಕಳು ಉತ್ತರಪತ್ರಿಕೆ ಹಿಡಿದು ಇಂದಿಗೂ ಇಲ್ಲಿಗೆ ಹತ್ತಿ ಬಂದು, ಆ ಉದ್ದದ ಕಲ್ಲಿನ ಮೇಲೆ ಕೂತು ತಪ್ಪು ಹುಡುಕುತ್ತಾರೆ. ಅಂಚಿನಲ್ಲಿ ಉಳಿದ ಕುಳಿಗಳೆಲ್ಲ ಒರಟೊರಟಾಗಿವೆ. ಒಂಬತ್ತನೆಯದು ಮಾತ್ರ ಎಷ್ಟೋ ತಲೆಮಾರಿನ ಬೆರಳು ಸೋಕಿ ಮಗುವಿನ ಕೆನ್ನೆಯಷ್ಟು ನುಣುಪಾಗಿದೆ.